ಎಷ್ಟು ಜನ, ಎಷ್ಟು ದೂರ, ಯಾವ ಕೆಲಸ?

ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ಅಂಗಡಿಯವರು ಪೀಸುಗಳಲ್ಲಿ ಎಣಿಸಿ ಮಾರುತ್ತಾರೆ. ಕೊಳ್ಳುವವರು ಎಣಿಸಬೇಕಾದ್ದು ಬೇರೆಯೇ ಇದೆ.

ಆನ್‌ಲೈನ್ ಅಂಗಡಿಯಲ್ಲಿ ‘ಫಸ್ಟ್ ಏಡ್ ಕಿಟ್’ ಎಂದು ಹುಡುಕಿದರೆ ಔಷಧಿಗಿಂತ ಮೊದಲು ಕಣ್ಣಿಗೆ ಬೀಳುವುದು ಸಂಖ್ಯೆ. ಐವತ್ತು ಪೀಸಿನದು, ನೂರು ಪೀಸಿನದು, ಇನ್ನೂರು ಪೀಸಿನದು. ಸಂಖ್ಯೆ ದೊಡ್ಡದಾದಷ್ಟೂ ಧೈರ್ಯ ಹೆಚ್ಚು ಅನ್ನಿಸುವುದು ಸಹಜ. ಆದರೆ ಪಟ್ಟಿಯನ್ನು ಕೆಳಗಿನವರೆಗೂ ಓದಿದರೆ ಗುಟ್ಟು ಬಯಲಾಗುತ್ತದೆ. ಅನೇಕ ಕಿಟ್‌ಗಳಲ್ಲಿ ಲೆಕ್ಕವನ್ನು ಹಿಗ್ಗಿಸುವುದು ಬೆರಳಿಗೆ ಸುತ್ತುವ ಪ್ಲಾಸ್ಟರ್, ಸ್ಪಿರಿಟ್ ಅದ್ದಿದ ಚೀಟಿ, ಹತ್ತಿ ಸುತ್ತಿದ ಕಡ್ಡಿ, ಸೇಫ್ಟಿ ಪಿನ್ನು. ಈಳಿಗೆಮಣೆಗೆ ಅಂಗೈ ಸಿಕ್ಕಿ ರಕ್ತ ಸುರಿಯುವಾಗ ಬೇಕಾಗುವ ದಪ್ಪನೆಯ ಗಾಜ್ ಪ್ಯಾಡು ಎರಡೋ ಮೂರೋ ಇದ್ದರೆ ಪುಣ್ಯ. ಪೀಸಿನ ಎಣಿಕೆಯಲ್ಲಿ ಸೇಫ್ಟಿ ಪಿನ್ನೂ ಒಂದೇ, ಕ್ರೇಪ್ ಬ್ಯಾಂಡೇಜೂ ಒಂದೇ.

ಹಾಗಾದರೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು? ಮೊದಲು ಅದರ ಕೆಲಸ ಏನೆಂದು ಕೇಳಿಕೊಳ್ಳಬೇಕು. ಗಾಯವಾದ ಗಳಿಗೆಯಿಂದ ವೈದ್ಯರ ಕೈಗೆ ಒಪ್ಪಿಸುವವರೆಗಿನ ಹೊತ್ತನ್ನು ದಾಟಿಸುವುದು ಪೆಟ್ಟಿಗೆಯ ಕೆಲಸ, ಅಷ್ಟೇ. ಆ ಹೊತ್ತು ಎಷ್ಟು ಉದ್ದವೋ ಪೆಟ್ಟಿಗೆ ಅಷ್ಟು ದೊಡ್ಡದು. ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರುತ್ತದೆ.

ಹಳಿಯ ಮಗ, ಅಡುಗೆಮನೆಯ ಮಗ

ಅಂಗಡಿಯಲ್ಲಿ ಸಿಗುವ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಹುಟ್ಟಿದ್ದೇ ದೂರದ ಕಷ್ಟದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪಶ್ಚಿಮ ಸೀಮೆಯ ರೈಲ್ವೆ ಕೆಲಸಗಾರರಿಗೆ ಪೆಟ್ಟಾದರೆ ಆಸ್ಪತ್ರೆ ಎಲ್ಲೋ ಮೈಲಿಗಟ್ಟಲೆ ಆಚೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ರಾಬರ್ಟ್ ವುಡ್ ಜಾನ್ಸನ್ ರೈಲು ಪ್ರಯಾಣವೊಂದರಲ್ಲಿ ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲ್ವೆಯ ಮುಖ್ಯ ಶಸ್ತ್ರವೈದ್ಯರೊಡನೆ ಮಾತಿಗೆ ಕೂತಾಗ ಈ ವಿಷಯ ಕಿವಿಗೆ ಬಿತ್ತು. 1888ರಲ್ಲಿ ಅವರ ಕಂಪನಿ ರೈಲ್ವೆಯವರಿಗೆಂದೇ ಪೆಟ್ಟಿಗೆ ಹೊರತಂದಿತು.

ಪ್ಲಾಸ್ಟರ್ ಬಂದದ್ದು ಅದಾಗಿ ಮೂವತ್ತೆರಡು ವರ್ಷಕ್ಕೆ, 1920ರಲ್ಲಿ. ಅದೇ ಕಂಪನಿಯ ನೌಕರ ಅರ್ಲ್ ಡಿಕ್ಸನ್, ಅಡುಗೆ ಮಾಡುವಾಗ ಮತ್ತೆಮತ್ತೆ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗೆ ಒಬ್ಬಳೇ ಕಟ್ಟಿಕೊಳ್ಳಲು ಅನುಕೂಲವಾಗಲೆಂದು ಅಂಟುಪಟ್ಟಿಯ ಮೇಲೆ ಗಾಜ್ ತುಂಡು ಇಟ್ಟು ತಯಾರಿಸಿದ್ದು ಅದು.

ಇಂದಿನ ಪೆಟ್ಟಿಗೆಯಲ್ಲಿ ಈ ಎರಡೂ ವಂಶದವರು ಒಟ್ಟಿಗಿದ್ದಾರೆ. ದಪ್ಪ ಪ್ಯಾಡು, ಅಗಲ ಬ್ಯಾಂಡೇಜು, ತ್ರಿಕೋನ ಬಟ್ಟೆ ಹಳಿಯ ಕಡೆಯವರು. ಪ್ಲಾಸ್ಟರು, ಮುಲಾಮು ಅಡುಗೆಮನೆಯ ಕಡೆಯವರು. ಗಾತ್ರ ಆರಿಸುವುದೆಂದರೆ ನಿಮ್ಮ ಬದುಕಿಗೆ ಯಾರು ಎಷ್ಟು ಬೇಕೆಂದು ಆರಿಸುವುದು.

ಮೂರು ಪ್ರಶ್ನೆ

ಮೊದಲನೆಯದು, ಎಷ್ಟು ಜನ? ಚಿಕ್ಕಪುಟ್ಟ ಗಾಯ ತಲೆಯ ಎಣಿಕೆಯೊಂದಿಗೆ ಹೆಚ್ಚುತ್ತದೆ. ನಾಲ್ವರಿರುವ ಮನೆಗಿಂತ ಎಂಟು ಜನರ ಮನೆಯಲ್ಲಿ ಪ್ಲಾಸ್ಟರ್, ಜ್ವರದ ಮಾತ್ರೆ, ಒಆರ್‌ಎಸ್ ಬೇಗ ಖಾಲಿಯಾಗುತ್ತವೆ. ಆದ್ದರಿಂದ ಜನ ಹೆಚ್ಚಿದಾಗ ಹೆಚ್ಚಬೇಕಾದ್ದು ಈ ಸಣ್ಣ ಸಾಮಾನು.

ಎರಡನೆಯದು, ಎಷ್ಟು ದೂರ? ಇಲ್ಲಿ ಲೆಕ್ಕ ತಿರುಗುತ್ತದೆ. ದೊಡ್ಡ ಗಾಯ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರಿಗೇ ಆಗುವುದು. ಅದಕ್ಕೆ ಬೇಕಾದ ಸಾಮಾನನ್ನು ಮನೆಯ ಜನಸಂಖ್ಯೆ ತೀರ್ಮಾನಿಸುವುದಿಲ್ಲ, ದಾರಿ ತೀರ್ಮಾನಿಸುತ್ತದೆ. ರಕ್ತ ಸುರಿಯುವ ಗಾಯದ ಮೇಲೆ ಪ್ಯಾಡು ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಅದು ನೆಂದುಹೋದರೆ ಕಿತ್ತು ತೆಗೆಯದೆ ಅದರ ಮೇಲೇ ಇನ್ನೊಂದನ್ನು ಇಟ್ಟು ಒತ್ತಬೇಕು. ಹತ್ತು ನಿಮಿಷದಲ್ಲಿ ಆಸ್ಪತ್ರೆ ಸಿಗುವುದಾದರೆ ನಾಲ್ಕು ಪ್ಯಾಡು ಸಾಕಾದೀತು. ಒಂದೂವರೆ ಗಂಟೆಯ ಘಾಟಿ ರಸ್ತೆಯಾದರೆ ಹನ್ನೆರಡು ಬೇಕು, ಕಟ್ಟಲು ಅಗಲದ ಬ್ಯಾಂಡೇಜು ಬೇಕು, ಒತ್ತಿ ಹಿಡಿದವರ ಕೈ ಸೋತಾಗ ಹಿಡಿಯಲು ಇನ್ನೊಬ್ಬರೂ ಬೇಕು. ನಿಮಿಷ ಎಣಿಸುವಾಗ ಗೂಗಲ್ ನಕ್ಷೆ ತೋರಿಸುವ ಹೊತ್ತನ್ನು ನಂಬಬೇಡಿ. ಆಷಾಢದ ಮಳೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಗಾಡಿ ಹುಡುಕಿ ಹೊರಡುವುದಕ್ಕೆ ಹಿಡಿಯುವ ಹೊತ್ತನ್ನು ಎಣಿಸಿ.

ಮೂರನೆಯದು, ಯಾವ ಕೆಲಸ? ಇದನ್ನು ಬ್ರಿಟನ್ನಿನ ಬಿಎಸ್ 8599-1 ಎಂಬ ಮಾನದಂಡ ಚೆನ್ನಾಗಿ ತೋರಿಸುತ್ತದೆ. ಅದು ಕೆಲಸದ ಜಾಗದ ಪೆಟ್ಟಿಗೆಯನ್ನು ಚಿಕ್ಕದು, ನಡುವಿನದು, ದೊಡ್ಡದು ಎಂದು ವಿಂಗಡಿಸುತ್ತದೆ. ಅಪಾಯ ಕಡಿಮೆ ಇರುವ ಕಚೇರಿಯಂಥ ಕಡೆ ಇಪ್ಪತ್ತೈದಕ್ಕಿಂತ ಕಡಿಮೆ ಜನರಿದ್ದರೆ ಚಿಕ್ಕದು, ನೂರರವರೆಗೆ ನಡುವಿನದು, ಅದರಾಚೆಗೆ ನೂರು ಜನಕ್ಕೊಂದು ದೊಡ್ಡದು. ಅದೇ ಕಟ್ಟಡ ಕೆಲಸ, ಯಂತ್ರಗಳ ಕೆಲಸವಾದರೆ ಐವರಿಗಿಂತ ಕಡಿಮೆ ಇದ್ದಾಗ ಮಾತ್ರ ಚಿಕ್ಕದು, ಇಪ್ಪತ್ತೈದರವರೆಗೆ ನಡುವಿನದು, ಮೇಲೆ ಇಪ್ಪತ್ತೈದು ಜನಕ್ಕೊಂದು ದೊಡ್ಡದು. ಕಂಪ್ಯೂಟರ್ ಮುಂದೆ ಕೂತ ನೂರು ಜನಕ್ಕೆ ಒಪ್ಪುವ ಲೆಕ್ಕ, ಗಾರೆ ಕೆಲಸದವರಲ್ಲಿ ಇಪ್ಪತ್ತೈದಕ್ಕೇ ಮುಗಿದುಹೋಗುತ್ತದೆ.

ನಮ್ಮಲ್ಲೂ ಇಂಥ ಲೆಕ್ಕ ಬಹಳ ಹಿಂದಿನಿಂದ ಇದೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪೆಟ್ಟಿಗೆ ಇರಬೇಕೆಂದಿತು. ಸಂಖ್ಯೆ 500 ದಾಟಿದರೆ ಪೆಟ್ಟಿಗೆ ಸಾಲದು, ಆಂಬುಲೆನ್ಸ್ ಕೊಠಡಿಯೇ ಬೇಕು ಎಂದಿತು. ಆ ಕಲಮಿನಲ್ಲಿ ಇನ್ನೆರಡು ಮಾತಿದ್ದವು. ನಿಗದಿಯಾದ ಸಾಮಾನು ಬಿಟ್ಟು ಬೇರೇನನ್ನೂ ಪೆಟ್ಟಿಗೆಯಲ್ಲಿ ಇಡಕೂಡದು; ಪ್ರಥಮ ಚಿಕಿತ್ಸೆ ಕಲಿತು ಪ್ರಮಾಣಪತ್ರ ಪಡೆದ ಒಬ್ಬರ ಸುಪರ್ದಿಯಲ್ಲಿ ಅದು ಇರಬೇಕು, ಕೆಲಸದ ಹೊತ್ತಿನುದ್ದಕ್ಕೂ ಅವರು ಸಿಗುವಂತಿರಬೇಕು. ಗುತ್ತಿಗೆ ಕಾರ್ಮಿಕರಿಗಾಗಿ ಬಂದ 1971ರ ಕೇಂದ್ರ ನಿಯಮಗಳು ಒಳಗಿನ ಸಾಮಾನನ್ನೂ ಎಣಿಸಿಕೊಟ್ಟವು. ಐವತ್ತು ಜನರವರೆಗೆ ಚಿಕ್ಕ ಡ್ರೆಸಿಂಗ್ ಆರು, ನಡುವಿನದು ಮೂರು, ದೊಡ್ಡದು ಮೂರು. ಐವತ್ತು ದಾಟಿದರೆ ಈ ಮೂರೂ ಇಮ್ಮಡಿ. ಈಗ ಹೊಸ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿವೆ. ಆದರೂ ಚಿಕ್ಕದಕ್ಕೆ ಎದುರಾಗಿ ದೊಡ್ಡ ಡ್ರೆಸಿಂಗ್ ಅರ್ಧದಷ್ಟಾದರೂ ಇರಬೇಕೆಂಬ ಆ ತೂಕ ನೋಡಿ ಕಲಿಯುವಂಥದು. ಇವತ್ತು ಮನೆಗೆಂದು ಮಾರಾಟವಾಗುವ ಅನೇಕ ಕಿಟ್‌ಗಳಲ್ಲಿ ಅದು ಕಾಣಿಸುವುದಿಲ್ಲ.

ಪೇಟೆಯ ಮನೆಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರಿನಲ್ಲಿ ಬೀದಿಯ ತಿರುವಿಗೊಂದು ಮೆಡಿಕಲ್ ಶಾಪ್, ಅನತಿದೂರದಲ್ಲಿ ನರ್ಸಿಂಗ್ ಹೋಂ ಇರುತ್ತದೆ. ನಾಲ್ಕೈದು ಜನರ ಮನೆಗೆ ಎರಡು ಲೀಟರಿನ ಪ್ಲಾಸ್ಟಿಕ್ ಡಬ್ಬಿಯಷ್ಟು ಜಾಗ ಸಾಕು. ಅದರಲ್ಲಿ ಇರಬೇಕಾದ್ದು ಇಷ್ಟು: ಬೇರೆ ಬೇರೆ ಅಳತೆಯ ಪ್ಲಾಸ್ಟರ್ ಹದಿನೈದು-ಇಪ್ಪತ್ತು, ಹತ್ತು ಸೆಂಟಿಮೀಟರ್ ಚೌಕದ, ಒಂದೊಂದೇ ಪೊಟ್ಟಣ ಕಟ್ಟಿದ ಸ್ಟೆರೈಲ್ ಗಾಜ್ ಪ್ಯಾಡು ಹತ್ತು, ಐದು ಮತ್ತು ಹತ್ತು ಸೆಂಟಿಮೀಟರ್ ಅಗಲದ ಸುತ್ತುಬ್ಯಾಂಡೇಜು ಎರಡೆರಡು, ಉಳುಕಿಗೆ ಕ್ರೇಪ್ ಬ್ಯಾಂಡೇಜು ಒಂದು, ಪೇಪರ್ ಟೇಪು, ಪೊವಿಡೋನ್ ಅಯೋಡಿನ್ ಮುಲಾಮು ಒಂದು ಟ್ಯೂಬು, ಮೊಂಡು ತುದಿಯ ಕತ್ತರಿ, ಚಿಮಟ, ಕೈಗವಸು ಎರಡು ಮೂರು ಜೊತೆ, ಥರ್ಮಾಮೀಟರು, ಒಆರ್‌ಎಸ್ ನಾಲ್ಕು ಪೊಟ್ಟಣ, ಪ್ಯಾರಾಸಿಟಮಾಲ್. ಮೀಟರ್ ಚೌಕದ ಹತ್ತಿಬಟ್ಟೆಯನ್ನು ಕರ್ಣಕ್ಕೆ ಕತ್ತರಿಸಿದರೆ ಎರಡು ತ್ರಿಕೋನ ಬ್ಯಾಂಡೇಜು ಮನೆಯಲ್ಲೇ ಆಗುತ್ತವೆ. ಮುರಿದ ಕೈಯನ್ನು ಕೊರಳಿಗೆ ತೂಗುಹಾಕಲು ಅದಕ್ಕಿಂತ ಒಳ್ಳೆಯದಿಲ್ಲ. ಹತ್ತಿಯನ್ನು ಗಾಯಕ್ಕೆ ನೇರವಾಗಿ ಇಡಬಾರದು. ಎಳೆ ಅಂಟಿಕೊಂಡು ಆಮೇಲೆ ಬಿಡಿಸುವುದೇ ಪಾಡು.

ಮಕ್ಕಳಿರುವ ಮನೆಯಲ್ಲಿ ಒಂದು ಎಚ್ಚರ. ಪ್ಯಾರಾಸಿಟಮಾಲ್ ಹನಿ ಬೇರೆ, ಸಿರಪ್ ಬೇರೆ. ಹನಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿ ಲೀಟರಿಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿ ಲೀಟರಿಗೆ 120 ಅಥವಾ 250 ಮಿಲಿಗ್ರಾಂ. ಸಿರಪ್ಪಿನ ಅಳತೆಯಲ್ಲಿ ಹನಿ ಕುಡಿಸಿದರೆ ಪ್ರಮಾಣ ಎಲ್ಲಿಗೋ ಹೋಗುತ್ತದೆ. ಮಗುವಿನ ತೂಕ ಮತ್ತು ಅದಕ್ಕೆ ವೈದ್ಯರು ಹೇಳಿದ ಅಳತೆಯನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿಡಿ, ಮಗು ಬೆಳೆದಂತೆ ತಿದ್ದುತ್ತಿರಿ. ಡೆಂಗಿ ಹರಡುವ ತಿಂಗಳುಗಳಲ್ಲಿ ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನು ಕೆಲವು ದೊಡ್ಡ ಉಪಚಾರಗಳಿಗೆ ಪೆಟ್ಟಿಗೆಯಲ್ಲಿ ಜಾಗವೇ ಬೇಡ. ಸುಟ್ಟಗಾಯಕ್ಕೆ ಮೊದಲ ಮದ್ದು ನಲ್ಲಿ. ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕು, ಐಸು ಬೇಡ, ಟೂತ್‌ಪೇಸ್ಟ್ ಬೇಡ, ಶಾಯಿ ಬೇಡ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ರೇಬಿಸ್ ಲಸಿಕೆಗೆ ಹೊರಡಬೇಕು. ಎದೆಬಡಿತ ನಿಂತು ಕುಸಿದವರಿಗೆ ಬೇಕಾದ್ದು ಎರಡು ಅಂಗೈ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಇವು ಗೊತ್ತಿದ್ದ ಮನೆಯ ಪೆಟ್ಟಿಗೆ ಚಿಕ್ಕದಾದರೂ ನಡೆಯುತ್ತದೆ.

ತೋಟದ ಮನೆಗೆ

ಶೃಂಗೇರಿ, ಹೊಸನಗರ, ಸಿದ್ದಾಪುರದ ಕಡೆ ಒಂಟಿಮನೆಗಳ ಲೆಕ್ಕ ಬೇರೆ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಶುರುವಾದ ಮೇಲೆ ಹಳ್ಳಿಗೂ ಗಾಡಿ ಬರುತ್ತದೆ, ನಿಜ. ಆದರೆ ಗಾಳಿಮಳೆಗೆ ಮರ ಬಿದ್ದು ದಾರಿ ಕಟ್ಟಿದಾಗ, ಫೋನಿಗೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದಾಗ, ಮನೆಯವರೇ ಒಂದೆರಡು ಗಂಟೆ ನಿಭಾಯಿಸಬೇಕು. ಕೆಲಸವೂ ಹಾಗೇ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕಳೆ ಕತ್ತರಿಸುವ ಯಂತ್ರ, ಕೊನೆ ತೆಗೆಯಲು ಹತ್ತುವ ಮರ, ತೋಟದ ಬಸಿಗಾಲುವೆಯಲ್ಲಿ ಜಾರುವ ಕಾಲು.

ಇಲ್ಲಿ ಪೆಟ್ಟಿಗೆ ಬೆಳೆಯಬೇಕಾದ್ದು ಹಳಿಯ ಕಡೆಗೆ. ಪ್ಲಾಸ್ಟರ್ ಇಪ್ಪತ್ತೇ ಇರಲಿ. ದಪ್ಪ ಪ್ಯಾಡು ಇಪ್ಪತ್ತಾಗಲಿ. ಹತ್ತು ಮತ್ತು ಹದಿನೈದು ಸೆಂಟಿಮೀಟರ್ ಅಗಲದ ಬ್ಯಾಂಡೇಜು ಮೂರು ನಾಲ್ಕು, ಕ್ರೇಪ್ ಬ್ಯಾಂಡೇಜು ಎರಡು ಮೂರು, ತ್ರಿಕೋನ ಬಟ್ಟೆ ನಾಲ್ಕು, ಗಾಯ ತೊಳೆಯಲು ಸಲೈನ್ ಬಾಟಲಿ, ಟಾರ್ಚು, ಹೊದಿಸಲು ದಪ್ಪ ಬಟ್ಟೆ ಇರಲಿ. ಮುರಿದ ಕಾಲಿಗೆ ಕಟ್ಟಲು ನುಣುಪಾದ ಎರಡು ಅಡಿಕೆ ದಬ್ಬೆ ಗೋಡೆಗೆ ಒರಗಿಸಿಟ್ಟರಾಯಿತು, ಅಂಗಡಿಯ ಸ್ಪ್ಲಿಂಟ್ ಬೇಕಿಲ್ಲ. ಮುಚ್ಚಳದ ಒಳಗಿನ ಚೀಟಿಯಲ್ಲಿ 108, 112ರ ಜೊತೆ ಇನ್ನೆರಡು ನಂಬರು ಇರಬೇಕು: ರಾತ್ರಿ ಕರೆದರೂ ಜೀಪು ತರುವವರದು, ಆಶಾ ಕಾರ್ಯಕರ್ತೆಯದು.

ಹಾವಿನ ವಿಷಯಕ್ಕೆ ಬಂದರೆ ಪೆಟ್ಟಿಗೆ ಹಿಗ್ಗಿಸಿ ಪ್ರಯೋಜನವಿಲ್ಲ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಯಾವುದೇ ಕಚ್ಚಿದರೂ ಮದ್ದು ಇರುವುದು ಆಸ್ಪತ್ರೆಯಲ್ಲಿ, ಹೆಸರು ಆ್ಯಂಟಿ ಸ್ನೇಕ್ ವೆನಮ್. ಮನೆಯವರ ಕೆಲಸ ಇಷ್ಟು: ಕಚ್ಚಿಸಿಕೊಂಡವರನ್ನು ನಡೆಸದೆ ಮಲಗಿಸುವುದು, ಉಂಗುರ, ಬಳೆ, ಕಾಲುಚೈನು ತೆಗೆಯುವುದು, ಮುರಿದ ಮೂಳೆಗೆ ಮಾಡುವಂತೆ ದಬ್ಬೆ ಕೊಟ್ಟು ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡುವುದು, ಗಾಡಿ ಹೊರಡಿಸುವುದು. ಬಿಗಿಯಾಗಿ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಿಟ್ಟು ಹೀರಬಾರದು.

ದಾರಿಯ ಮೇಲೆ

ಬೈಕಿನವರಿಗೆ ಅಂಗೈಯಗಲದ ಚೀಲ ಸಾಕು. ಕೈಗವಸು ಎರಡು ಜೊತೆ, ದೊಡ್ಡ ಪ್ಯಾಡು ನಾಲ್ಕು, ಹತ್ತು ಸೆಂಟಿಮೀಟರಿನ ಬ್ಯಾಂಡೇಜು ಎರಡು, ತ್ರಿಕೋನ ಬಟ್ಟೆ ಒಂದು. ಕಾರಿನಲ್ಲಿ ಕಂಪನಿಯೇ ಕೊಟ್ಟ ಕಿಟ್ ಇರುತ್ತದೆ. ಡಿಕ್ಕಿಯಲ್ಲಿ ಬೇಸಿಗೆಗಳನ್ನು ಕಳೆದು ಅದರ ಪ್ಲಾಸ್ಟರಿನ ಅಂಟು ಹೋಗಿ, ಮುಲಾಮು ನೀರಾಗಿ, ದಿನಾಂಕ ಮುಗಿದಿರುವುದೂ ಉಂಟು. ಔಷಧಿಯನ್ನು ಮನೆಯಿಂದ ಹೊರಡುವಾಗ ಒಯ್ದು ವಾಪಸು ತರುವುದು ಲೇಸು. ಬಟ್ಟೆ, ಪ್ಯಾಡು, ಕೈಗವಸು ಕಾರಿನಲ್ಲೇ ಇರಲಿ, ಡಿಕ್ಕಿಯಲ್ಲಲ್ಲ, ಸೀಟಿನ ಕೆಳಗೆ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಡಿಕ್ಕಿ ತೆರೆಯುವುದು ಕಷ್ಟ. ರಸ್ತೆಯಲ್ಲಿ ಬಿದ್ದವರಿಗೆ ಕೈಹಾಕಿದರೆ ಕೇಸಿನ ತಲೆನೋವು ಎಂಬ ಹೆದರಿಕೆ ಇಂದಿಗೂ ಇದೆ. ನೆರವಾದವರ ರಕ್ಷಣೆಗೆ ಕರ್ನಾಟಕ ತನ್ನದೇ ಕಾನೂನು ಮಾಡಿಕೊಂಡಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಇಡೀ ದೇಶಕ್ಕೆ ಆ ರಕ್ಷಣೆ ಕೊಟ್ಟಿದೆ.

ನಡೆದು ಹೋಗುವವರ ಗಾಯವೇ ಬೇರೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳ ತಂಡಕ್ಕೆ ಕಾಡುವುದು ಅಂಗಾಲಿನ ಬೊಬ್ಬೆ, ತೊಡೆಸಂದಿಯ ಉಜ್ಜುಗಾಯ, ಬಿಸಿಲಿನ ಸುಸ್ತು. ಇಲ್ಲಿ ಜನದ ಜೊತೆ ದಿನವನ್ನೂ ಗುಣಿಸಬೇಕು. ಅಗಲದ ಅಂಟುಟೇಪು, ಪ್ಲಾಸ್ಟರು, ಒಆರ್‌ಎಸ್ ತಲೆಗಿಷ್ಟು, ದಿನಕ್ಕಿಷ್ಟು. ಒಆರ್‌ಎಸ್‌ನ ದೊಡ್ಡ ಪೊಟ್ಟಣ 20.5 ಗ್ರಾಂ, ಒಂದು ಲೀಟರ್ ನೀರಿಗೆ. ಚಿಕ್ಕದು 200 ಮಿಲಿ ಲೀಟರಿಗೆ. ಲೀಟರಿನ ಪೊಟ್ಟಣವನ್ನು ಲೋಟದಲ್ಲಿ ಕಲಸಿ ಕುಡಿದರೆ ಉಪ್ಪು ಅತಿಯಾಗಿ ಕೆಡುಕೇ ಆಗುತ್ತದೆ. ದಾರಿಯುದ್ದಕ್ಕೂ ಸೇವೆಯ ಶಿಬಿರ, ಅಂಗಡಿ ಇರುವುದರಿಂದ ಈ ತಂಡಕ್ಕೆ ದೊಡ್ಡ ಗಾಯದ ಸಾಮಾನು ಮಿತವಾಗಿದ್ದರೆ ಸಾಕು.

1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೊರಟ ಎಂಟು ಜನರ ಲೆಕ್ಕ ತಿರುಗುಮುರುಗು. ಜನ ಕಡಿಮೆ, ದೂರ ಹೆಚ್ಚು. ಮೇಲೆ ಕಾಲು ಉಳುಕಿದರೆ ಕೆಳಗಿಳಿಸಲು ಗಂಟೆಗಟ್ಟಲೆ ಬೇಕು. ಹಾಗಾಗಿ ತಂಡಕ್ಕೆ ಒಂದು ದೊಡ್ಡ ಚೀಲ, ಪ್ರತಿಯೊಬ್ಬರ ಜೇಬಿನಲ್ಲಿ ಒಂದು ಪುಟ್ಟ ಚೀಲ. ದೊಡ್ಡದರಲ್ಲಿ ಕ್ರೇಪ್ ಬ್ಯಾಂಡೇಜು, ತ್ರಿಕೋನ ಬಟ್ಟೆ, ಪ್ಯಾಡು, ಟಾರ್ಚು. ಜೇಬಿನದರಲ್ಲಿ ತಮ್ಮ ತಮ್ಮ ಪ್ಲಾಸ್ಟರು, ತಮ್ಮ ತಮ್ಮ ಮಾತ್ರೆ, ಉಬ್ಬಸದವರಿಗೆ ಇನ್‌ಹೇಲರು. ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿರುವುದು ಅದರ ಜೊಲ್ಲಿನಲ್ಲಿರುವ ಹೆಪ್ಪುತಡೆಯಿಂದ. ಪ್ಯಾಡು ಒತ್ತಿ ಹಿಡಿದರೆ ನಿಲ್ಲುತ್ತದೆ, ಗಾಬರಿ ಬೇಡ.

ಪೆಟ್ಟಿಗೆಯಿಂದ ಆಚೆ ಹಾಕಬೇಕಾದ್ದು

ತುಂಬುವಷ್ಟೇ ಮುಖ್ಯ, ತೆಗೆಯುವುದು. 1971ರ ನಿಯಮದ ಪಟ್ಟಿಯಲ್ಲಿ ಡ್ರೆಸಿಂಗ್, ಕತ್ತರಿಗಳ ನಡುವೆ ಇನ್ನೆರಡು ವಸ್ತುಗಳಿದ್ದವು: ಹಾವು ಕಚ್ಚಿದ ಜಾಗವನ್ನು ಕೊಯ್ಯುವ ಪುಟ್ಟ ಚೂರಿ, ಮೂವತ್ತು ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು. ಕೊಯ್ದು ಹರಳು ತುಂಬಿದರೆ ವಿಷ ಇಳಿಯುತ್ತದೆಂಬ ಹಳೆಯ ನಂಬಿಕೆ ಕಾನೂನಿನ ಪುಸ್ತಕವನ್ನೂ ಸೇರಿತ್ತು. ಇವತ್ತು ವೈದ್ಯರು ಬೇಡವೆನ್ನುವುದು ಅದನ್ನೇ. ಪೆಟ್ಟಿಗೆ ತನ್ನ ಕಾಲದ ತಿಳಿವಳಿಕೆಯಷ್ಟೇ ಒಳ್ಳೆಯದು. ಮನೆಯ ಡಬ್ಬಿಯಲ್ಲೂ ಇಂಥವು ಕೂತಿರುತ್ತವೆ. ಯಾರಿಗೋ ಬರೆದುಕೊಟ್ಟ ಆ್ಯಂಟಿಬಯೋಟಿಕ್‌ನ ಉಳಿದ ನಾಲ್ಕು ಮಾತ್ರೆ, ಹೆಸರು ಅಳಿಸಿಹೋದ ಸ್ಟ್ರಿಪ್ಪು, ಹೋದ ವರ್ಷ ಮುಚ್ಚಳ ತೆರೆದ ಕಣ್ಣಿನ ಹನಿ, ಹರಿದ ಪೊಟ್ಟಣದ ಗಾಜ್. ಬಿಪಿ, ಸಕ್ಕರೆ ಕಾಯಿಲೆಯ ದಿನದ ಮಾತ್ರೆಗೆ ಬೇರೆ ಡಬ್ಬಿ ಇರಲಿ. ದಿನಾ ಕೈಯಾಡಿಸುವ ಡಬ್ಬಿಯಲ್ಲಿ ಆಪತ್ತಿನ ಸಾಮಾನು ಉಳಿಯುವುದಿಲ್ಲ.

ಇಡುವ ಜಾಗಕ್ಕೂ ನಿಯಮ ಉಂಟು. ಬಚ್ಚಲುಮನೆಯ ತೇವ ಬೇಡ, ಒಲೆಯ ಪಕ್ಕದ ಕಾವು ಬೇಡ. ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ, ಬೀಗ ಬೇಡ. ಎರಡಂತಸ್ತಿನ ಮನೆ, ದೊಡ್ಡ ತೋಟವಾದರೆ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಚಿಕ್ಕವು ಮೇಲು, ಒಂದು ಮನೆಯೊಳಗೆ, ಇನ್ನೊಂದು ಕಣದ ಕೊಟ್ಟಿಗೆಯಲ್ಲಿ. ಗುರುತಿಗೆ ಹಸಿರಿನ ಮೇಲೆ ಬಿಳಿ ಶಿಲುಬೆ ಬಳಸಿ. ಬಿಳಿಯ ಮೇಲಿನ ಕೆಂಪು ಶಿಲುಬೆ ಯುದ್ಧಭೂಮಿಯ ವೈದ್ಯಕೀಯ ಸೇವೆಗೆ ಮತ್ತು ರೆಡ್‌ಕ್ರಾಸ್ ಸಂಸ್ಥೆಗೆ ಮೀಸಲಾದ ಚಿಹ್ನೆ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅದನ್ನು ಕಾಪಾಡುತ್ತದೆ.

ಗಾತ್ರ ಸರಿಯಿದೆಯೇ? ಒಂದು ಪರೀಕ್ಷೆ

ವರ್ಷಕ್ಕೆ ಎರಡು ಸಲ ಪೆಟ್ಟಿಗೆ ಬಿಚ್ಚಿ ದಿನಾಂಕ ನೋಡಬೇಕು. ಹೇಗೂ ಆಯುಧಪೂಜೆಗೆ ಕತ್ತಿ, ಗುದ್ದಲಿ, ಬೈಕು, ಕಾರು ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತೇವೆ. ಗಾಯ ಮಾಡುವ ಸಾಮಾನಿನ ಜೊತೆ ಗಾಯ ಕಟ್ಟುವ ಸಾಮಾನನ್ನೂ ಅಂದೇ ಕೆಳಗಿಳಿಸಬಹುದು. ಆರು ತಿಂಗಳಿಗೆ ಯುಗಾದಿ ಬರುತ್ತದೆ, ಆಗ ಇನ್ನೊಮ್ಮೆ.

ಅಂದು ಮನೆಯವರಿಗೆಲ್ಲ ಒಂದು ಪರೀಕ್ಷೆ ಇಡಿ. ಹನ್ನೆರಡು ವರ್ಷದ ಮಗಳನ್ನು ಕರೆದು, ‘ಅಜ್ಜಿಯ ಕೈ ಕೊಯ್ದಿದೆ ಅಂದ್ಕೋ, ರಕ್ತ ಬರ್ತಿದೆ, ಏನೇನು ತರ್ತೀಯ?’ ಎಂದು ಕೇಳಿ. ಅವಳು ಅರ್ಧ ನಿಮಿಷದೊಳಗೆ ಕೈಗವಸು, ದೊಡ್ಡ ಪ್ಯಾಡು, ಬ್ಯಾಂಡೇಜು ತಂದಿಟ್ಟರೆ ಪೆಟ್ಟಿಗೆಯ ಗಾತ್ರ ಸರಿಯಿದೆ. ಪ್ಲಾಸ್ಟರಿನ ರಾಶಿಯಲ್ಲಿ ತಡಕಾಡುತ್ತ ನಿಂತರೆ ಅದು ಆ ಮನೆಗೆ ದೊಡ್ಡದಾಯಿತು, ಅರ್ಧ ಖಾಲಿ ಮಾಡಿ. ಪ್ಯಾಡು ಎರಡೇ ಸಿಕ್ಕಿದರೆ ಚಿಕ್ಕದಾಯಿತು, ಸಂಜೆಯೇ ಮೆಡಿಕಲ್ ಶಾಪಿಗೆ ಹೋಗಿ ಬನ್ನಿ. ಎಲ್ಲ ತಂದಿಟ್ಟೂ ಎಲ್ಲಿ ಒತ್ತಬೇಕೆಂದು ಅವಳಿಗಾಗಲಿ ನಿಮಗಾಗಲಿ ಗೊತ್ತಾಗದಿದ್ದರೆ, ಪೆಟ್ಟಿಗೆಗೆ ಇನ್ನಷ್ಟು ದುಡ್ಡು ಹಾಕುವ ಬದಲು ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ನಡೆಸುವ ಪ್ರಥಮ ಚಿಕಿತ್ಸೆಯ ತರಬೇತಿಗೆ ಮನೆಯಿಂದ ಒಬ್ಬರು ಹೆಸರು ಕೊಡಿ.